ರಕ್ತನಾಳದ ಅಲ್ಟ್ರಾಸೌಂಡ್: ಸಂಶೋಧನೆ ಮತ್ತು ಬೋಧನೆಗೆ ಹೊರಟವರಿಗೆ

ಪ್ರಶ್ನೆ: ನಾಲ್ಕು ವರ್ಷಗಳಿಂದ ಸೊನೋಗ್ರಾಫರ್ ಆಗಿದ್ದೇನೆ. ಹೊಟ್ಟೆ, ಥೈರಾಯ್ಡ್ ಸ್ಕ್ಯಾನ್‌ಗಳೇ ಹೆಚ್ಚು. ಕುತ್ತಿಗೆ ಮತ್ತು ಕಾಲಿನ ಡಾಪ್ಲರ್ (ರಕ್ತದ ಹರಿವನ್ನು ಅಳೆಯುವ ಅಲ್ಟ್ರಾಸೌಂಡ್) ವಾರಕ್ಕೆ ಐದಾರು ಬರುತ್ತವೆ, ನನಗೆ ಇಷ್ಟವಾಗುವುದೂ ಅವೇ. ಮುಂದೆ ರಕ್ತನಾಳದ ಅಲ್ಟ್ರಾಸೌಂಡ್‌ನಲ್ಲೇ ಸಂಶೋಧನೆ ಮಾಡಬೇಕು, ಕಲಿಸಬೇಕು ಎಂಬ ಆಸೆಯಿದೆ. ಇದಕ್ಕೆ ಪಿಎಚ್.ಡಿ. ಬೇಕೇ ಬೇಕೇ? ಯಾವ ಪರೀಕ್ಷೆ ಬರೆಯಬೇಕು? ಎಲ್ಲಿಂದ ಶುರುಮಾಡಲಿ? ಸ್ಕ್ಯಾನಿಂಗ್ ಬಿಟ್ಟುಬಿಡಬೇಕಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಸ್ಕ್ಯಾನಿಂಗ್ ಬಿಡಬೇಡಿ. ಈ ಕ್ಷೇತ್ರದ ಒಳ್ಳೆಯ ಸಂಶೋಧನಾ ಪ್ರಶ್ನೆಗಳು ಪ್ರೋಬ್ (ಮೈಮೇಲೆ ಇಟ್ಟು ನೋಡುವ ಉಪಕರಣ) ಹಿಡಿದವರಿಗೇ ಹೊಳೆಯುತ್ತವೆ. ಕ್ಷೇತ್ರ ಬೆಳೆದದ್ದೂ ಹಾಗೆಯೇ. ಜಪಾನಿನ ಶಿಗೆಯೊ ಸಟೊಮುರಾ 1950ರ ದಶಕದಲ್ಲಿ ಡಾಪ್ಲರ್ ತತ್ವವನ್ನು ಹೃದಯ ಮತ್ತು ರಕ್ತನಾಳಗಳಿಗೆ ಅನ್ವಯಿಸಿದರು. ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸಕ ಯೂಜಿನ್ ಸ್ಟ್ರ್ಯಾಂಡ್‌ನೆಸ್, ಎಂಜಿನಿಯರ್ ಡಾನ್ ಬೇಕರ್ ಮತ್ತು ಸಂಗಡಿಗರು ಚಿತ್ರವನ್ನೂ ಡಾಪ್ಲರನ್ನೂ ಒಂದೇ ಯಂತ್ರಕ್ಕೆ ತಂದರು. ಆ ಡ್ಯೂಪ್ಲೆಕ್ಸ್ ಸ್ಕ್ಯಾನರಿನ ವರದಿ 1974ರಲ್ಲಿ ಪ್ರಕಟವಾಯಿತು. 1982ರಲ್ಲಿ ರೂನ್ ಆಸ್ಲಿಡ್ ತಲೆಬುರುಡೆಯ ತೆಳುವಾದ ಭಾಗದ ಮೂಲಕ ಮಿದುಳಿನ ಅಪಧಮನಿಗಳ ಹರಿವನ್ನು ಅಳೆದು ತೋರಿಸಿದರು. ರೋಗಿಯ ಪಕ್ಕದಲ್ಲಿ ಎದುರಾದ ತೊಡಕೊಂದನ್ನು ಯಂತ್ರ ಬಲ್ಲವರ ಮುಂದಿಟ್ಟು ಕೂತಾಗಲೇ ಇಂಥ ಕೆಲಸ ಮುಂದೆ ಹೋಗಿದೆ. ವಾರದಲ್ಲಿ ಎರಡು ದಿನವಾದರೂ ಕ್ಲಿನಿಕಲ್ ಸ್ಕ್ಯಾನ್ ಉಳಿಸಿಕೊಂಡ ಸಂಶೋಧಕರಿಗೆ ಪ್ರಶ್ನೆಗಳ ಬರ ಬರುವುದಿಲ್ಲ.

ನಿಮಗೆ ಬೇಕಾದ ಮುಖ್ಯ ಗುಣ ಒಂದೇ: ಪರದೆಯ ಮೇಲೆ ಮೂಡಿದ ಸಂಖ್ಯೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ದೋಷವಿದೆ ಎಂದು ಬಿಡದೆ ಕೇಳುವುದು. ಸಂಶೋಧನೆ ಆ ಪ್ರಶ್ನೆಗೆ ಉತ್ತರ ಹುಡುಕುತ್ತದೆ, ಬೋಧನೆ ಅದೇ ಪ್ರಶ್ನೆಯನ್ನು ಇನ್ನೊಬ್ಬರ ತಲೆಯಲ್ಲಿ ಬಿತ್ತುತ್ತದೆ. ಹಾಗಾಗಿ ಇವೆರಡನ್ನೂ ಬೇರೆ ಬೇರೆ ದಾರಿಗಳೆಂದು ಎಣಿಸಬೇಕಾಗಿಲ್ಲ.

ಒಂದು ಸಂಖ್ಯೆಯ ಹಿಂದೆ

ಕುತ್ತಿಗೆಯ ಡಾಪ್ಲರನ್ನೇ ತೆಗೆದುಕೊಳ್ಳಿ. ಮಿದುಳಿಗೆ ರಕ್ತ ಒಯ್ಯುವ ಇಂಟರ್ನಲ್ ಕೆರೋಟಿಡ್ ಅಪಧಮನಿಯಲ್ಲಿ ಪೀಕ್ ಸಿಸ್ಟೋಲಿಕ್ ವೇಗ (ಹೃದಯ ಹಿಂಡಿದಾಗಿನ ಗರಿಷ್ಠ ವೇಗ) ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ಕಿರಿದಾಗುವಿಕೆ ಶೇ 50ಕ್ಕಿಂತ ಹೆಚ್ಚು, 230 ದಾಟಿದರೆ ಶೇ 70 ಅಥವಾ ಅದಕ್ಕೂ ಹೆಚ್ಚು ಎಂದು ನೀವು ಬರೆಯುತ್ತಿರಬಹುದು. ಅಮೆರಿಕದ ಸೊಸೈಟಿ ಆಫ್ ರೇಡಿಯಾಲಜಿಸ್ಟ್ಸ್ ಇನ್ ಅಲ್ಟ್ರಾಸೌಂಡ್ ಕರೆದ ತಜ್ಞರ ಸಭೆಯ ಒಮ್ಮತವಾಗಿ 2003ರಲ್ಲಿ ಪ್ರಕಟವಾದ ಮಾನದಂಡ ಅದು. ಅದರ ಶೇಕಡಾವಾರು ಲೆಕ್ಕ ನ್ಯಾಸೆಟ್ ಎಂಬ ಉತ್ತರ ಅಮೆರಿಕದ ಕೆರೋಟಿಡ್ ಶಸ್ತ್ರಚಿಕಿತ್ಸೆಯ ಅಧ್ಯಯನದ ಪದ್ಧತಿಯದು: ಅತಿ ಕಿರಿದಾದ ಜಾಗದ ವ್ಯಾಸವನ್ನು ಅದೇ ನಾಳದ ಮೇಲ್ಭಾಗದ ಆರೋಗ್ಯವಂತ ವ್ಯಾಸಕ್ಕೆ ಹೋಲಿಸುವುದು. ಯುರೋಪಿನ ಹಳೆಯ ಅಧ್ಯಯನ ಅದನ್ನು ಬಲ್ಬಿನ (ನಾಳ ಕವಲೊಡೆಯುವಲ್ಲಿನ ಉಬ್ಬಿದ ಭಾಗದ) ಮೂಲ ವ್ಯಾಸಕ್ಕೆ ಹೋಲಿಸುತ್ತಿತ್ತು. ಒಂದೇ ನಾಳಕ್ಕೆ ಎರಡು ಪದ್ಧತಿಗಳು ಎರಡು ಶೇಕಡಾ ಕೊಡುತ್ತವೆ. ಯಾವ ಪದ್ಧತಿ ಎಂದು ಹೇಳದ ವರದಿಯನ್ನು ಮುಂದೆ ಯಾವ ಸಂಶೋಧನೆಗೂ ಬಳಸಲಾಗದು.

2021ರಲ್ಲಿ, ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಅಮೆರಿಕದ ಇಂಟರ್‌ಸೊಸೈಟಲ್ ಅಕ್ರೆಡಿಟೇಶನ್ ಕಮಿಷನ್ ಈ ಮಾನದಂಡವನ್ನು ಪರಿಷ್ಕರಿಸಲು ಶಿಫಾರಸು ಮಾಡಿತು. ಶೇ 50ರ ಗಡಿಗೆ 180 ಸೆಂ.ಮೀ. ವೇಗ ಇರಬೇಕು, ಇಲ್ಲವೇ 125 ದಾಟಿದ್ದು ಜೊತೆಗೆ ಇಂಟರ್ನಲ್ ಮತ್ತು ಕಾಮನ್ ಕೆರೋಟಿಡ್ (ಕವಲೊಡೆಯುವ ಮುಂಚಿನ ನಾಳ) ವೇಗಗಳ ಅನುಪಾತ 2 ಅಥವಾ ಹೆಚ್ಚು ಇರಬೇಕು ಎಂದಿತು. ಹಳೆಯ ಗಡಿ ಸಾಧಾರಣ ಕಿರಿದಾಗುವಿಕೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತಿತ್ತು ಎಂಬುದೇ ಕಾರಣ. ಲಕ್ಷಾಂತರ ವರದಿಗಳಲ್ಲಿ ಬಳಕೆಯಾದ ಗಡಿಯೊಂದು ಹೀಗೆ ಅಲುಗಿತು. ಅದನ್ನು ಅಲುಗಿಸಿದ್ದು ಡ್ಯೂಪ್ಲೆಕ್ಸ್ ಅಳತೆಗಳನ್ನು ಆಂಜಿಯೋಗ್ರಾಮ್ ಪಕ್ಕದಲ್ಲಿಟ್ಟು ನೋಡಿದ ತಾಳ್ಮೆಯ ಕೆಲಸ. ನೀವು ಸೇರಲು ಹೊರಟಿರುವುದು ಇಂಥ ಕೆಲಸಕ್ಕೆ.

ಇನ್ನು ಆ ವೇಗದ ಹುಟ್ಟನ್ನು ನೋಡಿ. ರಕ್ತದ ವೇಗ ಯಂತ್ರಕ್ಕೆ ಗೊತ್ತಿಲ್ಲ. ಕಳಿಸಿದ ಶಬ್ದ ಮತ್ತು ಮರಳಿದ ಶಬ್ದದ ಆವರ್ತನ ವ್ಯತ್ಯಾಸವಷ್ಟೇ ಅದಕ್ಕೆ ಸಿಗುತ್ತದೆ. ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆ ಎಂದು ಊಹಿಸಿಕೊಂಡು, ಶಬ್ದದ ಕಿರಣಕ್ಕೂ ರಕ್ತದ ಹರಿವಿಗೂ ನಡುವೆ ನೀವು ಇಟ್ಟ ಕೋನದ ಕೊಸೈನ್‌ನಿಂದ ಭಾಗಿಸಿ ವೇಗ ಬರೆಯುತ್ತದೆ. ನಿಜವಾದ ಕೋನ 60 ಡಿಗ್ರಿ ಇದ್ದು ನೀವು 65 ಎಂದು ಇಟ್ಟರೆ ವೇಗ ಶೇ 18ರಷ್ಟು ಉಬ್ಬುತ್ತದೆ, 110 ಇದ್ದದ್ದು 130 ಆಗುತ್ತದೆ. ಐದು ಡಿಗ್ರಿಯ ತಪ್ಪಿಗೆ ರೋಗಿ ಗಡಿಯ ಆಚೆ ಹೋದ. ಅದೇ ಐದು ಡಿಗ್ರಿಯ ತಪ್ಪು 45ರಲ್ಲಿ ಆದರೆ ಶೇ 10, 70ರಲ್ಲಿ ಆದರೆ ಶೇ 32. 60 ಡಿಗ್ರಿ ದಾಟಬಾರದು ಎಂಬ ನಿಯಮಕ್ಕೆ ಕಾರಣ ಇದು. ಕಾರಣ ಹೇಳದೆ ನಿಯಮ ಮಾತ್ರ ಕಲಿಸಿದರೆ ವಿದ್ಯಾರ್ಥಿ ಅದನ್ನು ಕಷ್ಟದ ದಿನದಲ್ಲಿ ಮುರಿಯುತ್ತಾನೆ.

ಕೋನವೊಂದೇ ಅಲ್ಲ. ಲೀನಿಯರ್ ಪ್ರೋಬಿನ ಅಗಲವಾದ ಮುಖದ ಒಂದೊಂದು ತುದಿಯಿಂದ ನಾಳ ಒಂದೊಂದು ಕೋನದಲ್ಲಿ ಕಾಣುವುದರಿಂದ ಸ್ಪೆಕ್ಟ್ರಮ್ (ಪರದೆಯ ಮೇಲೆ ಮೂಡುವ ವೇಗಗಳ ಚಿತ್ರ) ಸಹಜವಾಗಿಯೇ ಹರಡಿಕೊಳ್ಳುತ್ತದೆ, ಗರಿಷ್ಠ ವೇಗ ಕೊಂಚ ಹೆಚ್ಚಾಗಿ ಕಾಣುತ್ತದೆ. ಗೇನ್ (ಮರಳಿದ ಶಬ್ದವನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಇನ್ನೂ ಹೆಚ್ಚು. ಎರಡು ಕಂಪನಿಯ ಯಂತ್ರಗಳು ಒಂದೇ ಹರಿವಿಗೆ ಬೇರೆ ಬೇರೆ ವೇಗ ತೋರಿಸುವುದುಂಟು. ನಿಮ್ಮ ವಿಭಾಗದಲ್ಲಿ ಎರಡು ಯಂತ್ರಗಳಿದ್ದರೆ, ಒಂದು ಸಂಶೋಧನಾ ಪ್ರಶ್ನೆ ಆಗಲೇ ನಿಮ್ಮ ಮುಂದಿದೆ.

ಮೊದಲ ಕೆಲಸ: ನಿಮ್ಮದೇ ಕೈಯ ಅಳತೆ

ಹೊಸಬರು ಸಾಮಾನ್ಯವಾಗಿ ದೊಡ್ಡ ವಿಷಯ ಹಿಡಿಯುತ್ತಾರೆ: ಮಧುಮೇಹದಲ್ಲಿ ಕೆರೋಟಿಡ್ ಗೋಡೆ, ಕೃತಕ ಬುದ್ಧಿಮತ್ತೆಯಿಂದ ಪ್ಲಾಕ್ (ನಾಳದ ಗೋಡೆಗೆ ಕಟ್ಟಿದ ಕೊಬ್ಬಿನ ಗಂಟು) ಪತ್ತೆ. ಆರು ತಿಂಗಳ ಬಳಿಕ, ಅಳತೆಯೇ ಒಬ್ಬರಿಂದೊಬ್ಬರಿಗೆ ಕೂಡಿಬರುತ್ತಿಲ್ಲ ಎಂದು ಗೊತ್ತಾಗುತ್ತದೆ. ಆದ್ದರಿಂದ ಮೊದಲು ಪುನರಾವರ್ತನೆಯ ಅಧ್ಯಯನ ಮಾಡಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು 20 ಜನರನ್ನು ಆರಿಸಿ. ಎಲ್ಲರೂ ಆರೋಗ್ಯವಂತರಾಗಿದ್ದರೆ ಪ್ರಯೋಜನವಿಲ್ಲ. ಅಳತೆ ಕಷ್ಟವಾಗುವುದು ಸುಣ್ಣಗಟ್ಟಿದ, ತಿರುಚಿಕೊಂಡ ನಾಳಗಳಲ್ಲಿ, ಅಂಥವರೂ ಇರಬೇಕು. ಪ್ರತಿಯೊಬ್ಬರೂ ಹತ್ತರಿಂದ ಹದಿನೈದು ನಿಮಿಷ ಮಲಗಿ ವಿಶ್ರಮಿಸಲಿ. ನೀವು ಒಮ್ಮೆ ಅಳೆಯಿರಿ. ಪ್ರೋಬ್ ತೆಗೆದು, ಜೆಲ್ ಒರೆಸಿ, ಅವರನ್ನು ಎಬ್ಬಿಸಿ ಮತ್ತೆ ಮಲಗಿಸಿ ಇನ್ನೊಮ್ಮೆ ಅಳೆಯಿರಿ. ಪ್ರೋಬ್ ಎತ್ತದೆ ಎರಡು ಸಲ ಫ್ರೀಜ್ ಒತ್ತಿ ಅಳೆಯುವುದನ್ನು ಪುನರಾವರ್ತನೆ ಎನ್ನಲಾಗದು. ಅದು ನಿಮ್ಮ ಕ್ಯಾಲಿಪರ್‌ನ (ಪರದೆಯ ಮೇಲಿನ ಅಳತೆಯ ಗುರುತಿನ) ಪರೀಕ್ಷೆ ಅಷ್ಟೇ. ಮೂರನೆಯ ಅಳತೆಯನ್ನು ಸಹೋದ್ಯೋಗಿಯೊಬ್ಬರು, ನಿಮ್ಮ ಸಂಖ್ಯೆ ನೋಡದೆ, ಮಾಡಲಿ.

ನೋಡದೆ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಪರದೆಯಲ್ಲಿ 126 ಕಂಡಾಗ ಕೈ ತಾನಾಗಿಯೇ ಇನ್ನೊಂದು ಬಡಿತ ಹುಡುಕುತ್ತದೆ, 124 ಕಂಡಾಗಲೂ ಅಷ್ಟೇ. ಯಾರೂ ಮೋಸ ಮಾಡುತ್ತಿಲ್ಲ, ಆದರೂ ಗಡಿಯ ಅಕ್ಕಪಕ್ಕದ ಸಂಖ್ಯೆಗಳು ಒಂದು ಕಡೆ ಗುಂಪುಗೂಡುತ್ತವೆ. ಪರದೆಯ ಅಳತೆಯ ಮೂಲೆಗೆ ಒಂದು ತುಂಡು ಕಾಗದ ಅಂಟಿಸಿ, ಚಿತ್ರ ಉಳಿಸಿದ ನಂತರ ಇನ್ನೊಬ್ಬರಿಂದ ಸಂಖ್ಯೆ ಓದಿಸಿ. ಎಷ್ಟು ಬಡಿತಗಳನ್ನು ಅಳೆಯಬೇಕು, ಸರಾಸರಿಯೋ ಗರಿಷ್ಠವೋ ಎಂಬುದನ್ನು ಮೊದಲ ವ್ಯಕ್ತಿ ಬರುವ ಮೊದಲೇ ಬರೆದಿಡಿ.

ಫಲಿತಾಂಶಕ್ಕೆ ಕೋರಿಲೇಶನ್ ಲೆಕ್ಕ ಹಾಕಬೇಡಿ. ಒಬ್ಬರು ಸದಾ ಇನ್ನೊಬ್ಬರ ಎರಡರಷ್ಟು ಅಳೆದರೂ ಕೋರಿಲೇಶನ್ 1 ಎಂದೇ ಬರುತ್ತದೆ. ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಜನಪ್ರಿಯಗೊಳಿಸಿದ ವಿಧಾನ ಬಳಸಿ: ಪ್ರತಿ ಜೋಡಿಯ ವ್ಯತ್ಯಾಸವನ್ನು ಜೋಡಿಯ ಸರಾಸರಿಯ ಎದುರು ಚುಕ್ಕೆಯಾಗಿ ಗುರುತಿಸಿ, ವ್ಯತ್ಯಾಸಗಳ ಸರಾಸರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನ 1.96 ಪಟ್ಟು ಕೂಡಿ, ಕಳೆದು ಎರಡು ಗೆರೆ ಎಳೆಯಿರಿ. ಆ ಗೆರೆಗಳ ನಡುವಿನ ಅಂತರ ಕ್ಲಿನಿಕ್ಕಿನಲ್ಲಿ ನಿರ್ಧಾರ ಬದಲಿಸುವಷ್ಟು ದೊಡ್ಡದೇ ಎಂಬುದೇ ಪ್ರಶ್ನೆ. ವೇಗ ಹೆಚ್ಚಾದಂತೆ ಚುಕ್ಕೆಗಳು ಬೀಸಣಿಗೆಯಂತೆ ಹರಡಿದರೆ ವ್ಯತ್ಯಾಸವನ್ನು ಶೇಕಡಾದಲ್ಲಿ ಲೆಕ್ಕ ಹಾಕಿ. 20 ಜನರಲ್ಲಿ ಆ ಗೆರೆಗಳೇ ಅಲುಗಾಡುತ್ತವೆ, ಪ್ರಕಟಣೆಗೆ 50 ದಾಟಿಸಿ, 100 ಆದರೆ ನೆಮ್ಮದಿ. 20 ಎಂದದ್ದು ಕೈ ಪಳಗಲಿ, ಪ್ರೊಟೊಕಾಲ್‌ನ ತೂತುಗಳು ಕಾಣಲಿ ಎಂದು.

ಬೇರೆ ಅಳತೆಗಳಲ್ಲೂ ಇದೇ ಕಥೆ, ಆದರೆ ದೋಷದ ಜಾಗ ಬೇರೆ. ಹೊಟ್ಟೆಯ ಅಯೋರ್ಟಾದಲ್ಲಿ ಕ್ಯಾಲಿಪರನ್ನು ಗೋಡೆಯ ಒಳಗಿಂದ ಒಳಗೆ ಇಡುತ್ತೀರೋ, ಹೊರಗಿಂದ ಹೊರಗೋ ಎಂಬುದರಲ್ಲೇ ಕೆಲವು ಮಿಲಿಮೀಟರ್ ವ್ಯತ್ಯಾಸ. ಬ್ರಿಟನ್ನಿನ ತಪಾಸಣಾ ಕಾರ್ಯಕ್ರಮ ಒಳಗಿಂದ ಒಳಗೆ ಅಳೆಯುತ್ತದೆ. 3 ಸೆಂ.ಮೀ.ಗೆ ಅನ್ಯೂರಿಸಮ್ (ನಾಳದ ಉಬ್ಬು) ಎನ್ನುವ, ಗಂಡಸರಲ್ಲಿ 5.5 ಸೆಂ.ಮೀ.ಗೆ ಶಸ್ತ್ರಚಿಕಿತ್ಸೆಯ ಮಾತೆತ್ತುವ ಕಡೆ ಆ ಮಿಲಿಮೀಟರ್‌ಗಳು ಸಣ್ಣವಲ್ಲ. ಕಾಲಿನ ಅಭಿಧಮನಿಯ ಹಿಮ್ಮುಖ ಹರಿವಿನಲ್ಲಿ ಗಡಿ ಮೇಲ್ಪದರದ ನಾಳಕ್ಕೆ ಅರ್ಧ ಸೆಕೆಂಡ್, ಆಳದಲ್ಲಿರುವ ಫೀಮೋರಲ್ (ತೊಡೆಯ) ಮತ್ತು ಪಾಪ್ಲಿಟಿಯಲ್ (ಮಂಡಿಯ ಹಿಂದಿನ) ನಾಳಕ್ಕೆ ಒಂದು ಸೆಕೆಂಡ್. ರೋಗಿಯನ್ನು ಮಲಗಿಸಿ ಅಳೆದ ಫಲಿತಾಂಶವನ್ನು ನಿಲ್ಲಿಸಿ ಅಳೆದದ್ದಕ್ಕೆ ಹೋಲಿಸಲು ಬರುವುದಿಲ್ಲ.

ಕೆರೋಟಿಡ್ ಗೋಡೆಯ ದಪ್ಪ, ಅಂದರೆ ಇಂಟಿಮಾ–ಮೀಡಿಯಾ ಅಳತೆ, ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿದೆ. ಅದು ವರ್ಷಕ್ಕೆ ಬೆಳೆಯುವುದು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. 10 ಮೆಗಾಹರ್ಟ್ಜ್‌ನಲ್ಲಿ ಶಬ್ದದ ತರಂಗಾಂತರವೇ 0.15 ಮಿ.ಮೀ. ಹೀಗಿರುವಾಗ ಒಬ್ಬ ರೋಗಿಯಲ್ಲಿ ಒಂದು ವರ್ಷದಲ್ಲಿ ಗೋಡೆ ದಪ್ಪವಾಯಿತೆಂದು ಬರೆಯುವುದಕ್ಕೆ ಆಧಾರವಿಲ್ಲ. ಕಾಮನ್ ಕೆರೋಟಿಡ್‌ನ ದೂರದ ಗೋಡೆಯಲ್ಲಿ, ಪ್ಲಾಕ್ ಇಲ್ಲದ 10 ಮಿ.ಮೀ. ಉದ್ದಕ್ಕೆ, ಅಂಚು ಗುರುತಿಸುವ ಸಾಫ್ಟ್‌ವೇರ್‌ನಿಂದ ನೂರಾರು ಬಿಂದುಗಳ ಸರಾಸರಿ ತೆಗೆದು, ನೂರಾರು ಜನರ ಗುಂಪುಗಳನ್ನು ಹೋಲಿಸಿದಾಗ ಮಾತ್ರ ಆ ಅಳತೆಗೆ ಅರ್ಥ ಬರುತ್ತದೆ. ಹತ್ತಿರದ ಗೋಡೆಯಲ್ಲಿ ಅಂಚಿನ ಜಾಗವನ್ನು ಗೇನ್ ನಿರ್ಧರಿಸುವುದರಿಂದ ಅದನ್ನು ನೆಚ್ಚಬಾರದು.

ತೋಳಿನ ಬ್ರೇಕಿಯಲ್ ಅಪಧಮನಿಯ ಹಿಗ್ಗುವಿಕೆಯ ಪರೀಕ್ಷೆ ಇನ್ನೂ ನಾಜೂಕು. ಮುಂಗೈಗೆ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆದು ಬಿಟ್ಟಾಗ ನಾಳ ಎಷ್ಟು ಹಿಗ್ಗುತ್ತದೆ ಎಂದು ನೋಡುವ ಪರೀಕ್ಷೆ ಅದು. 4 ಮಿ.ಮೀ. ನಾಳ ಶೇ 5ರಷ್ಟು ಹಿಗ್ಗಿದರೆ ವ್ಯತ್ಯಾಸ 0.2 ಮಿ.ಮೀ. ಪ್ರೋಬ್ ನಾಳದ ನಡುಗೆರೆಯಿಂದ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ವ್ಯಾಸದ ಬದಲು ಜ್ಯಾ ಅಳೆದಂತಾಗಿ ಶೇ 3ರಷ್ಟು ಕಡಿಮೆ ಬರುತ್ತದೆ. ನೀವು ಹುಡುಕುತ್ತಿರುವ ಪರಿಣಾಮದ ಅರ್ಧಕ್ಕಿಂತ ಹೆಚ್ಚನ್ನು ಕೈಯ ಜಾರುವಿಕೆಯೇ ನುಂಗಿತು. ಹಾಗಾಗಿ ಪ್ರೋಬಿಗೆ ಸ್ಟ್ಯಾಂಡ್ ಬೇಕು, ಎರಡೂ ಗೋಡೆಗಳ ಜೋಡಿಗೆರೆ ಉದ್ದಕ್ಕೂ ಕಾಣುತ್ತಿರಬೇಕು. ಬರುವವರು ಖಾಲಿ ಹೊಟ್ಟೆಯಲ್ಲಿರಬೇಕು, ಕಾಫಿ ಕುಡಿದಿರಬಾರದು, ತಂಬಾಕು ಸೇದಿರಬಾರದು. ಮರುಭೇಟಿ ದಿನದ ಅದೇ ಹೊತ್ತಿಗೆ, ಅದೇ ಉಷ್ಣತೆಯ ಕೋಣೆಯಲ್ಲಿ ಆಗಬೇಕು.

ಫ್ಯಾಂಟಮ್ ಕಟ್ಟಿ ನೋಡಿ

ರೋಗಿಯಲ್ಲಿ ನಿಜವಾದ ವೇಗ ಯಾರಿಗೂ ಗೊತ್ತಿರುವುದಿಲ್ಲ. ಫ್ಯಾಂಟಮ್‌ನಲ್ಲಿ, ಅಂದರೆ ಅಂಗಾಂಶ ಮತ್ತು ನಾಳವನ್ನು ಅನುಕರಿಸುವ ಮಾದರಿಯಲ್ಲಿ, ಗೊತ್ತಿರುತ್ತದೆ. 6 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ನಿಮಿಷಕ್ಕೆ 300 ಮಿ.ಲೀ. ದ್ರವ ಸಮವಾಗಿ ಹರಿಸಿದರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು 18 ಸೆಂ.ಮೀ., ನಡುವಿನ ಗರಿಷ್ಠ ವೇಗ ಅದರ ಎರಡರಷ್ಟು, ಸುಮಾರು 35. ಹೊರಬರುವ ದ್ರವವನ್ನು ಅಳತೆಯ ಜಾಡಿಯಲ್ಲಿ ಒಂದು ನಿಮಿಷ ಹಿಡಿದು ಪಂಪಿನ ಮಾತು ನಿಜವೇ ಎಂದು ನೋಡಿ. ಆಮೇಲೆ ಯಂತ್ರ ಎಷ್ಟು ತೋರಿಸುತ್ತದೆ ಎಂದು 40, 50, 60, 70 ಡಿಗ್ರಿಗಳಲ್ಲಿ ಅಳೆಯಿರಿ. ಕೋನ ಏರಿದಂತೆ ವೇಗ ಉಬ್ಬುವುದು ಕಣ್ಣೆದುರೇ ಕಾಣುತ್ತದೆ.

ಇಲ್ಲಿ ಕೆಡುವುದು ಮೂರು ಕಡೆ. ಅಳೆಯುವ ಜಾಗಕ್ಕೆ ಮುಂಚೆ ನೇರ ಕೊಳವೆ ಸಾಕಷ್ಟು ಉದ್ದವಿಲ್ಲದಿದ್ದರೆ ಹರಿವು ಇನ್ನೂ ತನ್ನ ಆಕಾರಕ್ಕೆ ಬಂದಿರುವುದಿಲ್ಲ, ಗರಿಷ್ಠ ವೇಗ ಎರಡು ಪಟ್ಟು ಎಂಬ ಲೆಕ್ಕ ತಪ್ಪುತ್ತದೆ. ಮೇಲಿನ ಉದಾಹರಣೆಗೆ, ದ್ರವ ರಕ್ತದಷ್ಟೇ ಮಂದವಾಗಿದ್ದರೆ, ಸುಮಾರು 10 ಸೆಂ.ಮೀ. ಬೇಕು; 20 ಇಟ್ಟರೆ ಚಿಂತೆಯಿಲ್ಲ. ಎರಡನೆಯದು ಕೊಳವೆಯ ವಸ್ತು: ಸಿಲಿಕೋನ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1000 ಮೀಟರ್ ಮಾತ್ರ ಓಡುವುದರಿಂದ ಕಿರಣ ಬಾಗುತ್ತದೆ, ಶಕ್ತಿಯೂ ಹೀರಿಹೋಗುತ್ತದೆ. ತೆಳು ಗೋಡೆಯ ಕೊಳವೆ ಆರಿಸಿ. ಇಲ್ಲವೇ ಅಚ್ಚಿನೊಳಗೆ ಲೋಹದ ಕಡ್ಡಿಯಿಟ್ಟು ಅಗಾರ್ ಸುರಿದು, ಗಟ್ಟಿಯಾದ ಮೇಲೆ ಕಡ್ಡಿ ಎಳೆದು ಗೋಡೆಯೇ ಇಲ್ಲದ ನಾಳ ಮಾಡಿ. ಮೂರನೆಯದು ಗಾಳಿಗುಳ್ಳೆ. ದ್ರವವನ್ನು ಕುದಿಸಿ ಆರಿಸಿ ಬಳಸಿ, ತೊಟ್ಟಿಗೆ ಮರಳುವ ಕೊಳವೆಯ ಬಾಯಿ ಸದಾ ದ್ರವದೊಳಗೆ ಮುಳುಗಿರಲಿ. ಬರೀ ನೀರು ಡಾಪ್ಲರ್‌ಗೆ ಕಾಣುವುದಿಲ್ಲ. ಮಾನಕ ದ್ರವದಲ್ಲಿ ನೀರು, ಗ್ಲಿಸರಾಲ್, ಡೆಕ್ಸ್‌ಟ್ರಾನ್ ಜೊತೆಗೆ 5 ಮೈಕ್ರಾನ್ ಗಾತ್ರದ ನೈಲಾನ್ ಕಣಗಳಿರುತ್ತವೆ.

ಬರೀ ಕಲಿಸುವುದಕ್ಕಾದರೆ ಇಷ್ಟು ಬೇಕಾಗಿಲ್ಲ. ಲೀಟರ್ ನೀರಿಗೆ 80ರಿಂದ 100 ಗ್ರಾಂ ಜೆಲಟಿನ್ ಕರಗಿಸಿ, ಒಂದೆರಡು ಚಮಚ ಇಸಬಗೋಲು ಪುಡಿ ಬೆರೆಸಿದರೆ ಅಂಗಾಂಶದಂತೆ ಬೂದುಬಣ್ಣ ಬರುತ್ತದೆ. ನೊರೆ ತೆಗೆದು, ಕೊಳವೆ ಹಾಯಿಸಿದ ಡಬ್ಬಿಗೆ ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಅಷ್ಟರಲ್ಲಿ ಬಳಸಿ ಎಸೆಯಿರಿ.

ರೋಗಪತ್ತೆಯ ಅಧ್ಯಯನ ಎಲ್ಲಿ ಮುಗ್ಗರಿಸುತ್ತದೆ

ಎರಡನೆಯ ಹಂತದಲ್ಲಿ ನೀವು ಅಲ್ಟ್ರಾಸೌಂಡನ್ನು ಸಿಟಿ ಆಂಜಿಯೋಗ್ರಾಮ್‌ನಂಥ ಇನ್ನೊಂದು ಪರೀಕ್ಷೆಗೆ ಹೋಲಿಸಲು ಹೊರಡುತ್ತೀರಿ. ಅತಿ ಸಾಮಾನ್ಯ ತಪ್ಪು ಇದು: ಸಿಟಿಗೆ ಹೋಗುವುದು ಡಾಪ್ಲರ್‌ನಲ್ಲಿ ಏನೋ ಕಂಡವರು ಮಾತ್ರ. ಡಾಪ್ಲರ್ ಸಹಜ ಎಂದವರ ನಾಳ ನಿಜಕ್ಕೂ ಹೇಗಿತ್ತು ಎಂದು ಯಾರೂ ನೋಡುವುದಿಲ್ಲ. ಹಳೆಯ ಕಡತಗಳಿಂದ ಲೆಕ್ಕ ಹಾಕಿದ ಸೆನ್ಸಿಟಿವಿಟಿ (ರೋಗ ಇರುವವರಲ್ಲಿ ಎಷ್ಟು ಪಾಲನ್ನು ಪರೀಕ್ಷೆ ಹಿಡಿಯುತ್ತದೆ ಎಂಬುದು) ಅದಕ್ಕೇ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುತ್ತದೆ. ಎರಡು ಪರೀಕ್ಷೆಗಳ ನಡುವೆ ಎಷ್ಟು ದಿನ ಕಳೆಯಬಹುದು, ಸಿಟಿ ಓದುವವರಿಗೆ ಡಾಪ್ಲರ್ ವರದಿ ಕಾಣದಂತೆ ಹೇಗೆ ಮಾಡುವುದು, ಸರಿಯಾಗಿ ಕಾಣದ ನಾಳಗಳನ್ನು ಯಾವ ಗುಂಪಿಗೆ ಸೇರಿಸುವುದು ಎಂದು ಮೊದಲೇ ನಿರ್ಧರಿಸಿ. ಕಾಣದ್ದನ್ನು ಲೆಕ್ಕದಿಂದ ಕೈಬಿಟ್ಟರೆ ಪರೀಕ್ಷೆ ಇರುವುದಕ್ಕಿಂತ ಜಾಣನಾಗಿ ತೋರುತ್ತದೆ. ಸ್ಟಾರ್ಡ್ ಎಂಬ ವರದಿ ಮಾರ್ಗಸೂಚಿಯ 2015ರ ಆವೃತ್ತಿಯನ್ನು ಬರೆಯುವಾಗ ತೆರೆಯುವುದು ವಾಡಿಕೆ. ಅದನ್ನು ಯೋಜನೆ ಹಾಕುವಾಗಲೇ ತೆರೆದಿಟ್ಟುಕೊಳ್ಳಿ.

ಎಷ್ಟು ಜನ ಬೇಕು? ಸೆನ್ಸಿಟಿವಿಟಿ ಶೇ 90 ಇರಬಹುದು, ಅದನ್ನು ಐದರ ಆಚೀಚೆಯೊಳಗೆ ಹಿಡಿಯಬೇಕು ಎಂದರೆ ರೋಗ ಇರುವವರೇ ಸುಮಾರು 140 ಜನ ಬೇಕು. ನಿಮ್ಮಲ್ಲಿ ಬರುವ ನಾಲ್ವರಲ್ಲಿ ಒಬ್ಬರಿಗೆ ರೋಗವಿದ್ದರೆ ಒಟ್ಟು 550ರ ಮೇಲೆ. ವಾರಕ್ಕೆ ಐದಾರು ಡಾಪ್ಲರ್ ಬರುವ ಕಡೆ ಇದಕ್ಕೆ ಎರಡು ವರ್ಷ ಹಿಡಿಯುತ್ತದೆ. ಇನ್ನೊಂದು ಕೇಂದ್ರವನ್ನು ಜೊತೆಗೆ ಸೇರಿಸಿಕೊಳ್ಳುವ ಮಾತು ಇಲ್ಲಿಂದಲೇ ಶುರುವಾಗಬೇಕು.

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ (ರೋಗ ಇಲ್ಲದವರಲ್ಲಿ ಎಷ್ಟು ಪಾಲನ್ನು ಇಲ್ಲ ಎನ್ನುತ್ತದೆ ಎಂಬುದು) ಎರಡೂ ಶೇ 90 ಇರುವ ಪರೀಕ್ಷೆ, ಅರ್ಧ ಜನರಿಗೆ ರೋಗವಿರುವ ಕ್ಲಿನಿಕ್ಕಿನಲ್ಲಿ ರೋಗವಿದೆ ಎಂದರೆ ನೂರಕ್ಕೆ 90 ಸಲ ನಿಜ. ಅದೇ ಪರೀಕ್ಷೆಯನ್ನು ನೂರರಲ್ಲಿ ಐದು ಜನರಿಗೆ ರೋಗವಿರುವ ಸಮುದಾಯಕ್ಕೆ ಒಯ್ದರೆ ನೂರಕ್ಕೆ 32 ಸಲ ಮಾತ್ರ ನಿಜ. ಪರೀಕ್ಷೆ ಬದಲಾಗಲಿಲ್ಲ, ಮುಂದೆ ನಿಂತ ಜನ ಬದಲಾದರು. ಇದೊಂದನ್ನು ಮನಸ್ಸಿಗೆ ಇಳಿಸಿಕೊಂಡ ಸೊನೋಗ್ರಾಫರ್ ತಪಾಸಣಾ ಶಿಬಿರಗಳ ಬಗ್ಗೆ ಬೇರೆಯೇ ಎಚ್ಚರದಿಂದ ಮಾತಾಡುತ್ತಾರೆ.

ಚಿತ್ರಗಳನ್ನು ಉಳಿಸುವಾಗ ಒಂದು ಜಾಗ್ರತೆ. ಡೈಕಾಮ್ (ವೈದ್ಯಕೀಯ ಚಿತ್ರಗಳ ಮಾನಕ ರೂಪ) ಕಡತದ ಹೆಡರ್‌ನಿಂದ ಹೆಸರು ಅಳಿಸಿದರೆ ಸಾಲದು. ಅಲ್ಟ್ರಾಸೌಂಡ್ ಚಿತ್ರದ ಮೇಲ್ತುದಿಯಲ್ಲಿ ಹೆಸರು, ನೋಂದಣಿ ಸಂಖ್ಯೆ ಚಿತ್ರದ ಭಾಗವಾಗಿಯೇ ಅಚ್ಚಾಗಿರುತ್ತವೆ. ಆ ಪಟ್ಟಿಯನ್ನು ಕಪ್ಪು ಮಾಡುವವರೆಗೆ ಯಾರಿಗೂ ಕಳಿಸಬೇಡಿ. ಅಳತೆಯ ಗುರುತು ಹಾಕಿದ ಚಿತ್ರದ ಜೊತೆಗೆ ಗುರುತಿಲ್ಲದ್ದನ್ನೂ ಉಳಿಸಿ, ಮರು ಓದಿಗೆ ಬೇಕಾಗುವುದು ಅದೇ.

ಕಲಿಸುವುದು

ಚೆನ್ನಾಗಿ ಸ್ಕ್ಯಾನ್ ಮಾಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ, ಏಕೆಂದರೆ ಅವರ ಕೈ ಮಾಡುವ ಅರ್ಧ ಕೆಲಸ ಅವರ ಗಮನಕ್ಕೇ ಬರುವುದಿಲ್ಲ. ಪೇಟನ್ ಹೆಸರಿನ ನಾಲ್ಕು ಹೆಜ್ಜೆಯ ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು ಮಾತಿಲ್ಲದೆ ಮಾಮೂಲಿ ವೇಗದಲ್ಲಿ ಮಾಡಿ ತೋರಿಸಿ. ಆಮೇಲೆ ಒಂದೊಂದನ್ನೂ ವಿವರಿಸುತ್ತಾ ಮಾಡಿ. ಮೂರನೆಯ ಸಲ ವಿದ್ಯಾರ್ಥಿ ಹೇಳಲಿ, ಅವರು ಹೇಳಿದ್ದನ್ನಷ್ಟೇ ನಿಮ್ಮ ಕೈ ಮಾಡಲಿ. ನಾಲ್ಕನೆಯ ಸಲ ಅವರೇ ಹೇಳುತ್ತಾ ಮಾಡಲಿ. ಬಹಳ ಜನ ಮೂರನೆಯ ಹೆಜ್ಜೆಯನ್ನು ಹಾರಿಸುತ್ತಾರೆ. ವಿದ್ಯಾರ್ಥಿಗೆ ಏನು ಗೊತ್ತಿಲ್ಲ ಎಂಬುದು ಬಯಲಾಗುವುದೇ ಅಲ್ಲಿ.

ಗುಂಡಿಗಳ ಪಾಠಕ್ಕೆ, ಕೆಡಿಸಿ ಸರಿಮಾಡಿಸುವುದು ಉತ್ತಮ ಉಪಾಯ. ಚೆನ್ನಾಗಿರುವ ಸ್ಪೆಕ್ಟ್ರಮ್ ಒಂದನ್ನು ನೀವೇ ಕೆಡಿಸಿ: ಪಿಆರ್‌ಎಫ್ (ಸೆಕೆಂಡಿಗೆ ಕಳಿಸುವ ಶಬ್ದದ ಮಿಡಿತಗಳ ಸಂಖ್ಯೆ) ಇಳಿಸಿ ಅಲಿಯಾಸಿಂಗ್ (ಹೆಚ್ಚಿನ ವೇಗ ತಿರುಗುಮುರುಗಾಗಿ ಕಾಣುವುದು) ತನ್ನಿ, ವಾಲ್ ಫಿಲ್ಟರ್ (ನಿಧಾನ ಚಲನೆಯನ್ನು ಸೋಸುವ ಗುಂಡಿ) ಏರಿಸಿ ಡಯಾಸ್ಟೋಲ್‌ನ (ಹೃದಯ ಸಡಿಲಿದಾಗಿನ) ಹರಿವನ್ನು ಅಳಿಸಿ, ಸ್ಯಾಂಪಲ್ ಗೇಟನ್ನು (ವೇಗ ಅಳೆಯುವ ಚಿಕ್ಕ ಕಿಟಕಿಯನ್ನು) ಗೋಡೆಗೆ ತಾಗಿಸಿ. ಯಾವುದು ಕೆಟ್ಟಿದೆ, ಏಕೆ, ಹೇಗೆ ಸರಿಮಾಡುವುದು ಎಂದು ಎರಡು ನಿಮಿಷದೊಳಗೆ ಅವರು ಹೇಳಬೇಕು. ದಿನಕ್ಕೆ ಹತ್ತು ನಿಮಿಷದಂತೆ ಮೂರು ವಾರ ಮಾಡಿಸಿದರೆ ಭೌತಶಾಸ್ತ್ರದ ಎಷ್ಟೋ ಸ್ಲೈಡುಗಳ ಅಗತ್ಯವೇ ಬೀಳುವುದಿಲ್ಲ.

ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಸ್ಕ್ಯಾನ್ ಮಾಡಿ ಕಲಿಯುವುದು ರೂಢಿ, ಆದರೆ ಅಲ್ಲಿ ರೋಗ ಕಾಣುವುದಿಲ್ಲ. ಮೊದಲ ತಿಂಗಳಿಂದಲೇ ಕಷ್ಟದ ಪ್ರಕರಣಗಳ ಸಂಗ್ರಹ ಕಟ್ಟಿ. ಕೂದಲೆಳೆಯಷ್ಟು ಹರಿವು ಉಳಿದಿರುವುದನ್ನು ಪೂರ್ತಿ ಮುಚ್ಚಿದೆ ಎಂದು ಬರೆದುಬಿಡುವ ತಪ್ಪು ಅದರಲ್ಲಿ ಇರಲೇಬೇಕು: ಸ್ಕೇಲ್ ಇಳಿಸಿ, ಗೇನ್ ಏರಿಸಿ, ಪವರ್ ಡಾಪ್ಲರ್ ಹಾಕಿ ನೋಡದೆ ಆ ಮಾತು ಬರೆಯಬಾರದು. ಒಂದು ಕಡೆಯ ಕೆರೋಟಿಡ್ ಮುಚ್ಚಿದಾಗ ಇನ್ನೊಂದು ಕಡೆ ವೇಗ ಸುಮ್ಮನೆ ಏರುವುದು, ಹೃದಯ ದುರ್ಬಲವಾದವರಲ್ಲಿ ತೀವ್ರ ಕಿರಿದಾಗುವಿಕೆಯಲ್ಲೂ ವೇಗ ಏರದಿರುವುದು, ಎಕ್ಸ್‌ಟರ್ನಲ್ ಕೆರೋಟಿಡನ್ನು (ಮುಖದ ಕಡೆ ಹೋಗುವ ಕವಲನ್ನು) ಇಂಟರ್ನಲ್ ಎಂದು ತಿಳಿಯುವುದು ಇವೂ ಇರಲಿ. ಕೊನೆಯದಕ್ಕೆ ಕಿವಿಯ ಮುಂದಿನ ನಾಡಿಯನ್ನು ಬೆರಳಿನಿಂದ ತಟ್ಟಿ ಸ್ಪೆಕ್ಟ್ರಮ್‌ನಲ್ಲಿ ಅಲೆ ಕಾಣುತ್ತದೆಯೇ ಎಂದು ನೋಡುವುದುಂಟು. ಆದರೆ ಅದನ್ನೊಂದನ್ನೇ ನಂಬದೆ, ಕುತ್ತಿಗೆಯಲ್ಲೇ ಕವಲೊಡೆಯುವ ನಾಳ ಯಾವುದು ಎಂದೂ ಹುಡುಕಲು ಹೇಳಿ. ವಿದ್ಯಾರ್ಥಿಯೊಬ್ಬರಲ್ಲೇ ಆಕಸ್ಮಿಕವಾಗಿ ಏನಾದರೂ ಕಂಡರೆ ಯಾರಿಗೆ, ಹೇಗೆ ತಿಳಿಸುವುದು ಎಂದು ತರಗತಿ ಆರಂಭವಾಗುವ ಮೊದಲೇ ಬರೆದಿಟ್ಟು ಅವರ ಸಹಿ ಪಡೆಯಿರಿ.

ನೂರು ಸ್ಕ್ಯಾನ್ ಮುಗಿಸಿದವರು ತಯಾರಾದರು ಎಂಬ ಲೆಕ್ಕದಲ್ಲಿ ಹುರುಳು ಕಡಿಮೆ. ಒಬ್ಬರಿಗೆ ಅರವತ್ತಕ್ಕೇ ಕೈ ಕೂರುತ್ತದೆ, ಇನ್ನೊಬ್ಬರಿಗೆ ಇನ್ನೂರು ಬೇಕು. ಒಸಾಸ್ ಎಂಬ ಅಂಕಪಟ್ಟಿ ಸ್ಕ್ಯಾನ್ ಏಕೆ ಬೇಕು ಎಂಬ ತಿಳಿವಳಿಕೆ, ಯಂತ್ರದ ಅರಿವು, ಚಿತ್ರ ಸರಿಪಡಿಸುವುದು, ಕ್ರಮಬದ್ಧ ನೋಟ, ಅರ್ಥೈಸುವುದು, ದಾಖಲಿಸುವುದು ಇವುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಅದನ್ನು ಇಬ್ಬರು ಪರೀಕ್ಷಕರಿಂದ ಹಾಕಿಸಿ, ಅವರ ಅಂಕಗಳು ಎಷ್ಟು ಕೂಡಿಬರುತ್ತವೆ ಎಂದು ನೋಡಿದರೆ, ಬೋಧನೆಯ ಮೇಲೆ ನಿಮ್ಮ ಮೊದಲ ಲೇಖನಕ್ಕೆ ಸಾಮಗ್ರಿ ಸಿಗುತ್ತದೆ.

ಪರೀಕ್ಷೆ, ಪದವಿ, ಕೆಲಸ

ಅಂತರರಾಷ್ಟ್ರೀಯವಾಗಿ ಹೆಚ್ಚು ಪರಿಚಿತವಾದದ್ದು ಅಮೆರಿಕದ ಎಆರ್‌ಡಿಎಂಎಸ್ ಎಂಬ ಸಂಸ್ಥೆ ರಕ್ತನಾಳದ ಅಲ್ಟ್ರಾಸೌಂಡ್ ಮಾಡುವವರಿಗೆ ನೀಡುವ ಆರ್‌ವಿಟಿ ಪ್ರಮಾಣಪತ್ರ. ಅದಕ್ಕೆ ಎರಡು ಪರೀಕ್ಷೆ: ಒಂದು ಅಲ್ಟ್ರಾಸೌಂಡ್ ಭೌತಶಾಸ್ತ್ರ ಮತ್ತು ಯಂತ್ರದ್ದು, ಇನ್ನೊಂದು ರಕ್ತನಾಳದ್ದು. ಒಂದು ಪಾಸಾದ ಐದು ವರ್ಷದೊಳಗೆ ಇನ್ನೊಂದನ್ನು ಮುಗಿಸಬೇಕು. ಭೌತಶಾಸ್ತ್ರವನ್ನು ಮೊದಲು ಬರೆಯಿರಿ, ಎರಡನೆಯದು ಅದರ ಮೇಲೆಯೇ ನಿಂತಿದೆ. ಸಿಸಿಐ ಎಂಬ ಇನ್ನೊಂದು ಅಮೆರಿಕನ್ ಸಂಸ್ಥೆಯ ಆರ್‌ವಿಎಸ್ ಪ್ರಮಾಣಪತ್ರವೂ ಇದೆ. ವೈದ್ಯರಿಗೆ ಆರ್‌ಪಿವಿಐ. ಬ್ರಿಟನ್ನಿನಲ್ಲಿ ವ್ಯಾಸ್ಕುಲರ್ ಸೈನ್ಸ್ ಎಂಬುದು ಮೂರು ವರ್ಷದ ವಿಜ್ಞಾನಿ ತರಬೇತಿಯ ಒಂದು ಶಾಖೆ, ಸ್ನಾತಕೋತ್ತರ ಪದವಿ ಅದರೊಳಗೇ ಸೇರಿದೆ. ಅಲ್ಲಿನ ವೃತ್ತಿಪರ ಸಂಘದ (ಹಿಂದೆ ಎಸ್‌ವಿಟಿ, ಈಗ ಸಿಎಸ್‌ವಿಎಸ್) ಮಾನ್ಯತೆಗೆ ಬರವಣಿಗೆಯ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅರ್ಹತೆಯ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ, ಹಣ ಕಟ್ಟುವ ಮೊದಲು ಆಯಾ ಸಂಸ್ಥೆಯ ಈ ವರ್ಷದ ಕೈಪಿಡಿ ಓದಿ.

ಪಿಎಚ್.ಡಿ. ಬೇಕಾಗುವುದು ಸ್ವಂತ ಹೆಸರಿನಲ್ಲಿ ಅನುದಾನ ತರಬೇಕು, ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬೇಕು ಎಂದಾಗ. ಔಷಧ ಅಥವಾ ಸ್ಟೆಂಟ್ ಪ್ರಯೋಗಗಳಲ್ಲಿ ಸ್ಕ್ಯಾನ್ ಮಾಡುವ ಸಂಶೋಧನಾ ಸೊನೋಗ್ರಾಫರ್, ಬೇರೆ ಬೇರೆ ಕೇಂದ್ರಗಳಿಂದ ಬಂದ ಚಿತ್ರಗಳನ್ನು ಒಂದೇ ಮಾನದಂಡದಲ್ಲಿ ಓದುವ ಕೋರ್ ಲ್ಯಾಬ್ ಓದುಗ, ಪ್ರಯೋಗಾಲಯದ ಗುಣಮಟ್ಟ ನೋಡಿಕೊಳ್ಳುವವರು, ತರಬೇತುದಾರರು ಇವರಲ್ಲಿ ಬಹಳ ಜನಕ್ಕೆ ಅದಿಲ್ಲ. ನಿಮ್ಮ ಸ್ಥಿತಿಯಲ್ಲಿ ಕೋರ್ ಲ್ಯಾಬ್ ಕೆಲಸ ಸಿಕ್ಕರೆ ಬಿಡಬೇಡಿ. ಒಂದೇ ವರ್ಷದಲ್ಲಿ ಹತ್ತಾರು ಕೈಗಳ ಸಾವಿರಾರು ಚಿತ್ರ ನೋಡುವ ಅವಕಾಶ ಬೇರೆಲ್ಲೂ ಇಲ್ಲ. ಯಂತ್ರದ ಕಂಪನಿಗಳಲ್ಲಿ ತರಬೇತಿ ನೀಡುವ ಹುದ್ದೆಗಳೂ ಇವೆ, ಕಲಿಯುವುದು ಬಹಳ. ಅಲ್ಲಿದ್ದುಕೊಂಡು ಬರೆದ ಲೇಖನದಲ್ಲಿ ಆ ನಂಟನ್ನು ತಿಳಿಸಲೇಬೇಕು.

ಸ್ಕ್ಯಾನ್ ಮಾಡಿದವರ ಹೆಸರು ಲೇಖಕರ ಪಟ್ಟಿಯಲ್ಲಿ ಬಿಟ್ಟುಹೋಗುವುದು ಈ ಕ್ಷೇತ್ರದ ಹಳೆಯ ನೋವು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯ ನಿಯಮದಂತೆ ಯೋಜನೆಯಲ್ಲೋ ದತ್ತಾಂಶದಲ್ಲೋ ಗಣನೀಯ ಪಾಲಿರಬೇಕು, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶೆಯಲ್ಲಿ ಕೈಯಿರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಕೆಲಸದ ಹೊಣೆ ಹೊರಬೇಕು. ನಾಲ್ಕೂ ಬೇಕು. ಸ್ಕ್ಯಾನ್ ಮಾತ್ರ ಮಾಡಿ ಕರಡು ಓದದಿದ್ದರೆ ಹಕ್ಕು ಕೇಳಲಾಗದು. ಮೊದಲ ಸಭೆಯಲ್ಲೇ ಕರಡು ನನಗೂ ಬರಲಿ ಎಂದು ಹೇಳಿ, ಬಂದಾಗ ವಿಧಾನದ ಭಾಗವನ್ನು ನೀವೇ ಬರೆದುಕೊಡಿ.

ಭುಜದ ಮಾತು ಹೇಳದೆ ಮುಗಿಸಲಾಗದು. ಸೊನೋಗ್ರಾಫರ್‌ಗಳಲ್ಲಿ ಬಹುಪಾಲು ಜನ ನೋವಿನಲ್ಲೇ ಸ್ಕ್ಯಾನ್ ಮಾಡುತ್ತಾರೆ, ರಕ್ತನಾಳದ ಸ್ಕ್ಯಾನ್ ಉದ್ದವಾದ್ದರಿಂದ ಇಲ್ಲಿ ಇನ್ನೂ ಕಷ್ಟ. ತೋಳು ದೇಹದಿಂದ 30 ಡಿಗ್ರಿಗಿಂತ ಹೆಚ್ಚು ದೂರ ಹೋಗದಂತೆ ಮಂಚವನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಕೇಬಲ್ ತೂಕ ಮಣಿಕಟ್ಟಿಗೆ ಬೀಳದಂತೆ ಹೆಗಲಿಗೋ ಕೊಕ್ಕೆಗೋ ಹಾಕಿ, ಕಾಲಿನ ಅಭಿಧಮನಿಗೆ ರೋಗಿಯನ್ನು ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿ ನೀವು ಕೂತು ನೋಡಿ. ಸಂಶೋಧನೆಯ ದಿನ ಒಂದೇ ಪ್ರೊಟೊಕಾಲನ್ನು ಎಂಟು ಸಲ ಮಾಡಬೇಕಾಗುತ್ತದೆ, ನಾಲ್ಕಕ್ಕಿಂತ ಹೆಚ್ಚು ಜನರನ್ನು ಒಟ್ಟಿಗೆ ಕರೆಯದಂತೆ ವೇಳಾಪಟ್ಟಿಯನ್ನು ನೀವೇ ಹಾಕಿಕೊಳ್ಳಿ.

ಮಾರ್ಗದರ್ಶಕರನ್ನು ಹುಡುಕುವಾಗ ಸಂಶೋಧನೆಯಲ್ಲಿ ಆಸಕ್ತಿಯಿದೆ ಎಂದಷ್ಟೇ ಬರೆದ ಪತ್ರಕ್ಕೆ ಉತ್ತರ ಬರುವುದು ಅಪರೂಪ. 20 ಜನರ ಪುನರಾವರ್ತನೆಯ ಅಳತೆ, ಅದರ ಬ್ಲ್ಯಾಂಡ್–ಆಲ್ಟ್‌ಮನ್ ಚಿತ್ರ, ಅದರಲ್ಲಿ ಅತಿ ದೂರ ಬಿದ್ದ ಎರಡು ಚುಕ್ಕೆಗಳು ಏಕೆ ಹಾಗೆ ಬಿದ್ದವು ಎಂಬ ನಿಮ್ಮ ವಿವರಣೆ ಇಷ್ಟನ್ನು ಎರಡು ಪುಟದಲ್ಲಿ ಬರೆದು ಕಳಿಸಿ. ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರಿಗೂ, ವೈದ್ಯಕೀಯ ಭೌತಶಾಸ್ತ್ರ ಬಲ್ಲವರೊಬ್ಬರಿಗೂ ಒಂದೊಂದು ಪ್ರತಿ ಹೋಗಲಿ.